ಉಜ್ಜಿಹೋದ ನಂಬರು

ಕಸ್ಟಮ್ಸಿನವರನ್ನು ನಾನು ಬೈದಷ್ಟು ತುಮಕೂರು ಸೀಮೆಯಲ್ಲಿ ಇನ್ಯಾರೂ ಬೈದಿರಲಿಕ್ಕಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಬೈದೆ. ಗುಬ್ಬಿಯಿಂದ ಹಿರೇಹಳ್ಳಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಬೈದೆ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬೈದೆ, ಮನೆಯಲ್ಲಿ ಮುದ್ದೆ ಮುರಿಯುತ್ತಾ ಬೈದೆ. ಮದರಾಸನ್ನು ಕಣ್ಣಿನಲ್ಲೂ ನೋಡಿರದ ನನ್ನ ಹೆಂಡತಿಗೆ ಅಲ್ಲಿನ ಕಸ್ಟಮ್ಸ್ ಆಫೀಸಿನ ಮೇಲೆ ಸಿಟ್ಟು ಬರುವಷ್ಟು ಬೈದೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಆ ಬೈಗುಳದಲ್ಲಿ ಹೆದರಿಕೆಯ ಪಾಲೆಷ್ಟು ಅನ್ನುವುದು ನನಗೊಬ್ಬನಿಗೇ ಗೊತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಹಿರೇಹಳ್ಳಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಆಗ ಶೆಡ್ಡುಗಳಿಗಿಂತ ಬಯಲೇ ಹೆಚ್ಚು. ನಮ್ಮದು ಮೂವತ್ತು ನಲವತ್ತು ಜನರ ಸಣ್ಣ ಕಾರ್ಖಾನೆ. ಪಂಪುಸೆಟ್ಟಿನ ಮೋಟಾರಿನ ಒಳಗೆ ತಿರುಗುತ್ತದಲ್ಲ, ರೋಟರು, ಅದನ್ನು ಮಾಡಿ ದೊಡ್ಡ ಕಂಪನಿಗಳಿಗೆ ಕಳಿಸುತ್ತಿದ್ದೆವು. ನಾನು ಡಿಸ್ಪ್ಯಾಚ್ ಗುಮಾಸ್ತ. ಹೆಸರಿಗೆ ಡಿಸ್ಪ್ಯಾಚು, ಮಾಡುತ್ತಿದ್ದದ್ದು ಎಲ್ಲವೂ. ಪತ್ರ ಟೈಪ್ ಮಾಡುವವನು ನಾನು, ಲಾರಿ ಆಫೀಸಿಗೆ ಓಡುವವನು ನಾನು, ಯಜಮಾನರು ರೇಗಿದಾಗ ಎದುರಿಗೆ ನಿಲ್ಲುವವನೂ ನಾನೇ.

ಆ ಕಾರ್ಖಾನೆಯಲ್ಲಿ ಒಂದು ಡಬ್ಬ ಇತ್ತು. ಜರ್ಮನಿ ಡಬ್ಬ ಅಂತಲೇ ಎಲ್ಲರೂ ಕರೆಯುತ್ತಿದ್ದದ್ದು. ಹಾರ್ಮೋನಿಯಂ ಪೆಟ್ಟಿಗೆಯಷ್ಟು ಗಾತ್ರ. ಒಳಗೆಲ್ಲ ಎಲೆಕ್ಟ್ರಾನಿಕ್ ಸಾಮಾನು, ಮುಂದುಗಡೆ ಮುಳ್ಳು ಆಡುವ ಒಂದು ಮೀಟರು. ರೋಟರಿನ ಒಂದು ಪಕ್ಕ ಕೂದಲೆಳೆಯಷ್ಟು ಭಾರ ಹೆಚ್ಚಾಗಿದ್ದರೂ ಮೋಟಾರು ಓಡುವಾಗ ನಡುಗುತ್ತದೆ, ಬೇರಿಂಗು ಬೇಗ ಹಾಳಾಗುತ್ತದೆ. ರೋಟರನ್ನು ಪಕ್ಕದ ಬ್ಯಾಲೆನ್ಸಿಂಗ್ ಮಿಷಿನ್ನಿಗೆ ಕೂರಿಸಿ ತಿರುಗಿಸಿದರೆ ಎಲ್ಲಿ ಭಾರ, ಎಷ್ಟು ಭಾರ ಅಂತ ಆ ಡಬ್ಬ ಹೇಳುತ್ತಿತ್ತು. ಅಲ್ಲಿಗೊಂದು ಸಣ್ಣ ತೂತು ಕೊರೆದು ಲೋಹ ತೆಗೆದರೆ ಸರಿಹೋಗುತ್ತಿತ್ತು. ಇಷ್ಟೇ ಅದರ ಕೆಲಸ. ಆದರೆ ಅದಿಲ್ಲದೆ ನಮ್ಮ ಮಾಲನ್ನು ಯಾವ ಕಂಪನಿಯೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಆ ಡಬ್ಬದ ಮುಂದೆ ಕೂರುತ್ತಿದ್ದವನು ಕುಣಿಗಲ್ ತಾಲ್ಲೂಕಿನವನು, ಅಮೃತೂರು ಕಡೆಯ ಹಳ್ಳಿ. ನಾನು ಅವನನ್ನು ‘ಕುಣಿಗಲ್’ ಅಂತ ಕರೆಯುತ್ತಿದ್ದೆ, ಅವನು ನನ್ನನ್ನು ‘ಗುಬ್ಬಿಯಣ್ಣ’ ಅನ್ನುತ್ತಿದ್ದ. ನನಗಿಂತ ಏಳೆಂಟು ವರ್ಷಕ್ಕೆ ಚಿಕ್ಕವನು. ಸಣಕಲು ಆಳು, ಅಗಲವಾದ ಅಂಗೈ. ಡಬ್ಬ ಹೇಳುವುದಕ್ಕೆ ಮೊದಲೇ ತಿರುಗುವ ಮಿಷಿನ್ನಿನ ಮೈಮೇಲೆ ಅಂಗೈಯಿಟ್ಟು, "ಈ ಕಡೀಕೆ ಭಾರ ಐತೆ ಕಣಣ್ಣ" ಅನ್ನುತ್ತಿದ್ದ. ಹತ್ತಕ್ಕೆ ಎಂಟು ಸಲ ಮುಳ್ಳೂ ಅದನ್ನೇ ತೋರಿಸುತ್ತಿತ್ತು. ಇನ್ನೆರಡು ಸಲ ತಪ್ಪಾದರೆ ಮುಳ್ಳಿನ ಮೇಲೇ ಗೊಣಗುತ್ತಿದ್ದ.

ಅವನದು ಟೆಂಪರ್‌ವರಿ ಕೆಲಸ. ಆರು ವರ್ಷವಾದರೂ ಟೆಂಪರ್‌ವರಿಯೇ. ಐದಾರು ತಿಂಗಳಿಗೊಮ್ಮೆ ‘ಬ್ರೇಕ್’ ಅಂತ ಹತ್ತು ದಿನ ಮನೆಗೆ ಕಳಿಸಿ, ಹೊಸಬನ ಹಾಗೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಹಾಗೆ ಮಾಡಿದರೆ ಖಾಯಂ ಮಾಡಿ ಅಂತ ಕೇಳುವ ಹಕ್ಕು ಇರುವುದಿಲ್ಲವಂತೆ. ಆ ಬ್ರೇಕಿನ ಕಾಗದಗಳನ್ನು ಟೈಪ್ ಮಾಡುತ್ತಿದ್ದವನು ನಾನೇ. ಅವನ ಹೆಂಡತಿ, ಮಗಳು ಹೆಬ್ಬೂರಿನಲ್ಲಿ ಮಾವನ ಮನೆಯಲ್ಲಿದ್ದರು. ಮಾವ ಒಂದೇ ಮಾತು ಹೇಳಿದ್ದ: "ಕೆಲ್ಸ ಪರ್ಮನೆಂಟ್ ಮಾಡ್ಕೊಂಡು ಬಾ, ಆಗ ಕರ್ಕೊಂಡೋಗು. ಹತ್ತತ್ತು ದಿನ ಮನೇಲಿ ಕೂರೋನ ಜತೆ ಕಳ್ಸಕಾಗಕಿಲ್ಲ." ಇವನು ತುಮಕೂರಿನಲ್ಲಿ ಒಂದು ರೂಮು ಮಾಡಿಕೊಂಡಿದ್ದ. ಶನಿವಾರ ಕುಣಿಗಲ್ ಬಸ್ಸು ಹತ್ತಿ, ದಾರಿಯಲ್ಲಿ ಹೆಬ್ಬೂರಿನಲ್ಲಿ ಇಳಿದು, ಹೆಂಡತಿ ಮಗಳನ್ನು ನೋಡಿ, ಆಮೇಲೆ ಊರಿಗೆ ಹೋಗುತ್ತಿದ್ದ.

"ನನ್ ಮಗ್ಳು ನನ್ನ ಕಂಡ್ರೆ ಒಳಗೋಡೋಗಿ, ‘ಅಮ್ಮಾ, ನೆಂಟ್ರು ಬಂದ್ರು’ ಅಂತಾಳೆ ಕಣಣ್ಣ," ಅಂತ ಒಂದು ಸಲ ನಗುತ್ತಾ ಹೇಳಿದ. ನಾನೂ ನಕ್ಕೆ. ನಕ್ಕ ಮೇಲೆ ಇದರಲ್ಲಿ ನಗುವಂಥದ್ದೇನಿದೆ ಅಂತ ಕಸಿವಿಸಿಯಾಯಿತು.

ಆ ವರ್ಷ ಆಯುಧಪೂಜೆ ಜೋರಾಗಿ ಆಯಿತು. ಹಿಂದಿನ ದಿನವೇ ಮಿಷಿನ್ನುಗಳನ್ನೆಲ್ಲ ನಿಲ್ಲಿಸಿ ಸೀಮೆಎಣ್ಣೆ ಹಾಕಿ ಒರೆಸಿದರು. ಯಾರ ಮಿಷಿನ್ನು ಅವರದು, ಯಾರದು ಹೆಚ್ಚು ಹೊಳೆಯುತ್ತದೆ ಅಂತ ಪೈಪೋಟಿ. ಕುಣಿಗಲ್ಲಿನವನು ಡಬ್ಬವನ್ನು ಕೆಳಗಿಳಿಸಿಕೊಂಡು, ಮಗುವಿಗೆ ಎಣ್ಣೆ ಒತ್ತುವವರ ಹಾಗೆ ಕಾಲು ಚಾಚಿ ಕೂತ. ಡಬ್ಬದ ಬೆನ್ನಿಗೆ ಒಂದು ಹಿತ್ತಾಳೆ ಪಟ್ಟಿ ಇತ್ತು, ತಯಾರಿಸಿದವರ ಹೆಸರು, ಕೆಳಗೆ ನಂಬರು. ಕಿಲುಬು ಹಿಡಿದು ಕಪ್ಪಗಾಗಿತ್ತು. ಮನೆಯಲ್ಲಿ ದೇವರ ಸಾಮಾನು ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದ. ಇಟ್ಟಿಗೆ ಪುಡಿ ಹಾಕಿ ತಿಕ್ಕಿದ. ಅದೂ ಸಾಲದೆ ತುಕ್ಕು ಕೆರೆಯುವ ಎಮರಿ ಪೇಪರು ಹಾಕಿ ಉಜ್ಜಿದ. ಕೊನೆಗೆ ಪಟ್ಟಿ ಹೊಸ ಚೊಂಬಿನ ಹಾಗೆ ಫಳಫಳ ಅನ್ನತೊಡಗಿತು. ಮಾರನೆಯ ದಿನ ಅದರ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಸುತ್ತ ಚೆಂಡುಹೂವಿನ ಹಾರ. ಯಜಮಾನರು ಬೂದುಗುಂಬಳ ಒಡೆದು ಬಂದವರು ಡಬ್ಬದ ಮುಂದೆ ನಿಂತು, "ಭೇಷ್ ಕಣಯ್ಯ. ನಿನ್ನ ನೋಡಿ ಕಲೀಬೇಕು ಎಲ್ರೂ," ಅಂದರು.

ಅವತ್ತೇ ಪೂಜೆಯ ಪುರಿ ಕಡಲೆ ಚರುಪು ತಿನ್ನುತ್ತಾ ನನ್ನನ್ನು ಪಕ್ಕಕ್ಕೆ ಕರೆದು, "ಆ ಕುಣಿಗಲ್ ಹುಡುಗನ್ದು ಪರ್ಮನೆಂಟ್ ಲೆಟರ್ ಟೈಪ್ ಮಾಡಿಡ್ರಿ. ಹೊಸ ಆರ್ಡರ್ ಶುರುವಾದ ತಕ್ಷಣ ಸೈನ್ ಹಾಕ್ತೀನಿ," ಅಂದರು. ನಾನು ಟೈಪ್ ಮಾಡಿದೆ. ಅವನಿಗೆ ಹೇಳಿಯೂ ಬಿಟ್ಟೆ. ಅವನು ಓದಬೇಕು ಅಂದ. ಯಜಮಾನರ ಡ್ರಾಯರಿನಿಂದ ತೆಗೆದು ತೋರಿಸಿದೆ. ಎರಡು ಸಲ ಓದಿ, ಮಡಿಕೆ ಬೀಳದ ಹಾಗೆ ಹಿಡಿದು ವಾಪಸು ಕೊಟ್ಟ.

ದೀಪಾವಳಿ ಕಳೆದು ವಾರವಾಗಿರಲಿಲ್ಲ, ಡಬ್ಬದ ಮುಳ್ಳು ಸತ್ತಿತು. ತುಮಕೂರಿನ ರೇಡಿಯೋ ರಿಪೇರಿಯವನು ಬಂದು ನೋಡಿ ಕೈಯೆತ್ತಿದ. ಬೆಂಗಳೂರಿನಿಂದ ಒಬ್ಬ ಇಂಜಿನಿಯರು ಬಂದು, ಇದರ ಒಳಗಿನ ಭಾಗಗಳು ಈ ದೇಶದಲ್ಲೇ ಸಿಗುವುದಿಲ್ಲ, ಮಾಡಿದವರಿಗೇ ಕಳಿಸಬೇಕು ಅಂದ. ಜರ್ಮನಿಗೆ ಕಾಗದ ಹೋಯಿತು, ಕಳಿಸಿ ಅಂತ ಉತ್ತರ ಬಂತು. ಮದರಾಸಿನ ಕ್ಲಿಯರಿಂಗ್ ಏಜೆಂಟರು ಒಂದು ಉದ್ದನೆಯ ಪತ್ರ ಬರೆದು ಕಸ್ಟಮ್ಸಿನ ನಿಯಮ ತಿಳಿಸಿದರು. ರಿಪೇರಿಗೆ ಹೋದದ್ದು ವಾಪಸು ಬರುವಾಗ, ಹೋದದ್ದೇ ಬಂದದ್ದು ಅಂತ ಸಾಬೀತಾಗಬೇಕು. ಆಗದಿದ್ದರೆ ಅದನ್ನು ಹೊಸ ಸಾಮಾನು ಅಂತ ಲೆಕ್ಕ ಹಿಡಿಯುತ್ತಾರೆ, ಅದಕ್ಕೆ ಲೈಸೆನ್ಸು ಬೇಕು, ನಿಮಗೆ ಸಿಗುವುದಿಲ್ಲ. ಆದ್ದರಿಂದ ಡಬ್ಬದ ಮೇಲಿರುವ ನಂಬರನ್ನು ಖುದ್ದು ನೋಡಿ ಬರೆದು, ಸಹಿ ಮಾಡಿ ಕಳಿಸಿ. ‘ಖುದ್ದು ನೋಡಿ’ ಅನ್ನುವ ಮಾತಿನ ಕೆಳಗೆ ಗೆರೆ ಎಳೆದಿದ್ದರು.

ಪ್ಯಾಕ್ ಮಾಡಿದವನು ನಾನು. ಮಧ್ಯಾಹ್ನ ನಾಲ್ಕರ ಹೊತ್ತು. ತುಮಕೂರಿನ ಲಾರಿ ಆಫೀಸು ಐದಕ್ಕೆ ಬುಕಿಂಗ್ ನಿಲ್ಲಿಸುತ್ತಿತ್ತು, ಆಮೇಲೆ ನನಗೆ ಗುಬ್ಬಿ ರೈಲು ಹಿಡಿಯಬೇಕು. ಮರದ ಪೆಟ್ಟಿಗೆಗೆ ಹುಲ್ಲು ತುಂಬಿ, ಡಬ್ಬವನ್ನು ಎತ್ತಿ ತಿರುಗಿಸಿದೆ. ಪಟ್ಟಿ ಹೊಳೆಯುತ್ತಿತ್ತು. ಅದರ ಮೇಲೆ ಒಂದು ಅಂಕಿಯೂ ಇರಲಿಲ್ಲ. ಓರೆಯಾಗಿ ಬೆಳಕಿಗೆ ಹಿಡಿದು ನೋಡಿದೆ, ಬೆರಳಿನಿಂದ ಸವರಿದೆ. ನುಣ್ಣಗಿತ್ತು.

ನಾನು ನೋಡಿದೆ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಹೇಳಬೇಕಾದಲ್ಲಿ ಹೇಳಲಿಲ್ಲ.

ಹಾಳಾದ್ದು, ಅಂತ ಬೈದುಕೊಂಡೆ. ಈಗ ಮದರಾಸಿಗೆ ಬರೆದು, ಅವರ ಉತ್ತರಕ್ಕೆ ಕಾದು, ಇನ್ನು ಹದಿನೈದು ದಿನ. ಯಜಮಾನರು ಸುಮ್ಮನಿರುತ್ತಾರೆಯೇ? ಕಪಾಟಿನಲ್ಲಿ ಹಳೆಯ ಖರೀದಿ ಫೈಲು ಇತ್ತು, ಅದರಲ್ಲಿ ನಂಬರು ಇತ್ತು. ಅದೇ ಡಬ್ಬ ತಾನೇ, ಅದೇ ನಂಬರು ತಾನೇ, ನಾನೇನು ಕಳ್ಳಮಾಲು ಕಳಿಸುತ್ತಿದ್ದೇನೆಯೇ? ಟೈಪ್ ರೈಟರಿಗೆ ಹಾಳೆ ಏರಿಸಿ, ‘ಖುದ್ದು ಪರಿಶೀಲಿಸಿ ದೃಢೀಕರಿಸಿದೆ’ ಅಂತ ಇಂಗ್ಲಿಷಿನಲ್ಲಿ ಹೊಡೆದೆ, ನಂಬರು ಹೊಡೆದೆ, ಸಹಿ ಹಾಕಿದೆ. ಕಾರ್ಖಾನೆಯ ಮೊಹರು ಒತ್ತಿದೆ. ಲಾರಿ ಆಫೀಸೂ ಸಿಕ್ಕಿತು, ರೈಲೂ ಸಿಕ್ಕಿತು. ಮದರಾಸಿನಲ್ಲಿ ಕಸ್ಟಮ್ಸಿನವರು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರೋ, ನೋಡಲಿಲ್ಲವೋ, ಮೊಹರಿದ್ದ ನನ್ನ ಕಾಗದವನ್ನು ನಂಬಿ ಆ ನಂಬರನ್ನೇ ತಮ್ಮ ಕಾಗದಕ್ಕೆ ಇಳಿಸಿಕೊಂಡರು. ಡಬ್ಬ ವಿಮಾನ ಹತ್ತಿತು.

ಕಾರ್ಖಾನೆಯಲ್ಲಿ ಅದು ಹೋದ ಜಾಗದಲ್ಲಿ ಚೌಕಾಕಾರದ ಎಣ್ಣೆಕಲೆ ಉಳಿಯಿತು. ಕುಣಿಗಲ್ಲಿನವನು ಸುಮ್ಮನೆ ಕೂರಲಿಲ್ಲ. ಎರಡು ಕಬ್ಬಿಣದ ಪಟ್ಟಿಗಳನ್ನು ಸಮನಾಗಿ ನಿಲ್ಲಿಸಿ, ಅವುಗಳ ಮೇಲೆ ರೋಟರನ್ನು ಉರುಳಿಸಿ, ಯಾವ ಕಡೆ ವಾಲುತ್ತದೆ ಅಂತ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ತೂತು ಕೊರೆಯುತ್ತಿದ್ದ. ಕಣ್ಣು ಮುಚ್ಚಿ ಅಂಗೈ ಇಟ್ಟು ಕೂರುತ್ತಿದ್ದ. ಒಂದು ರೋಟರಿಗೆ ಅರ್ಧ ದಿನ. ಮೊದಲ ಲಾಟು ಹೋಯಿತು, ಅರ್ಧಕ್ಕರ್ಧ ವಾಪಸು ಬಂತು. ಎರಡನೆಯದು ಇಡಿಯಾಗಿ ವಾಪಸು ಬಂತು. ಅವನು ಒಂದೊಂದನ್ನೇ ಎತ್ತಿ ನೋಡಿ, "ಇದು ಸರಿಯಾಗೇ ಇತ್ತಲ್ಲಣ್ಣ" ಅಂತ ಗೋಡೆಗೆ ಹೇಳುವ ಹಾಗೆ ಹೇಳಿದ.

ನಾಲ್ಕು ತಿಂಗಳಿಗೆ ಜರ್ಮನಿಯಿಂದ ಕಾಗದ ಬಂತು. ರಿಪೇರಿ ಆಗಿದೆ, ಕಳಿಸಿದ್ದೇವೆ. ಡಬ್ಬ ಮದರಾಸು ಮುಟ್ಟಿತು ಅಂತ ಏಜೆಂಟರ ಟೆಲಿಗ್ರಾಮೂ ಬಂತು. ಕುಣಿಗಲ್ಲಿನವನು ಆ ಶನಿವಾರ ಹೆಬ್ಬೂರಿಗೆ ಹೋಗಿ, ಮುಂದಿನ ತಿಂಗಳು ಸಾಮಾನು ಕಟ್ಟಿಟ್ಟುಕೋ ಅಂತ ಹೆಂಡತಿಗೆ ಹೇಳಿ ಬಂದ. ಕ್ಯಾತ್ಸಂದ್ರದಲ್ಲಿ ಒಂದು ಮನೆಯನ್ನೂ ನೋಡಿಟ್ಟ. ಮುಂದೆ ಸಣ್ಣ ಜಗುಲಿ ಇದೆ, ಮಗಳು ಆಡಿಕೊಳ್ಳುತ್ತಾಳೆ ಅಂದ.

ಆಮೇಲೆ ಏನೂ ಬರಲಿಲ್ಲ. ಒಂದು ತಿಂಗಳು, ಎರಡು ತಿಂಗಳು. ನಾನು ತುಮಕೂರಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದು ಕೂರುತ್ತಿದ್ದೆ. ಲೈನು ಸಿಕ್ಕಿದರೆ ಏಜೆಂಟರ ಗುಮಾಸ್ತ ದೂರದಿಂದ, "ವಿಚಾರಣೇಲಿದೆ ಸಾರ್" ಅನ್ನುತ್ತಿದ್ದ. "ಏನ್ರಿ ವಿಚಾರಣೆ? ಡಬ್ಬನೇನು ಕೊಲೆ ಮಾಡಿದ್ಯಾ?" ಅಂತ ಕೂಗಾಡುತ್ತಿದ್ದೆ. ಆ ಕಡೆ ಲೈನು ಕಟ್ಟಾಗುತ್ತಿತ್ತು. ಮುಂಗಾರು ಕಳೆಯಿತು, ಮತ್ತೆ ಆಯುಧಪೂಜೆ ಬಂತು. ಡಬ್ಬ ಇಲ್ಲದ ಮಿಷಿನ್ನಿಗೆ ಕುಣಿಗಲ್ಲಿನವನು ಹೂವು ಹಾಕಿದ. ಕ್ಯಾತ್ಸಂದ್ರದ ಆ ಮನೆಯ ಮಾಲೀಕ ಅಡ್ವಾನ್ಸು ಕೊಡುವವರಿಗೆ ಮನೆ ಕೊಟ್ಟುಬಿಟ್ಟನಂತೆ, ಹೋಗಲಿ ಬಿಡು, ಬೇರೆ ಸಿಗುತ್ತದೆ ಅಂತ ನಾನೇ ಸಮಾಧಾನ ಹೇಳಿದೆ.

ಕೊನೆಗೊಂದು ದಿನ ಕಸ್ಟಮ್ಸಿನಿಂದ ಪತ್ರ ಬಂತು. ಡಬ್ಬದ ಬೆನ್ನಿನ ಪಟ್ಟಿಯಲ್ಲಿ ನಂಬರು ಇಲ್ಲ, ಬೇಕೆಂದೇ ಉಜ್ಜಿ ಅಳಿಸಿದ ಗುರುತಿದೆ. ಹೋಗುವಾಗ ನಂಬರು ಇತ್ತೆಂದು ಕಾರ್ಖಾನೆಯವರೇ ಬರೆದುಕೊಟ್ಟಿದ್ದಾರೆ. ಆದ್ದರಿಂದ ಇದು ಬೇರೆ ಡಬ್ಬವಿರಬಹುದು, ತುಮಕೂರಿನಲ್ಲಿ ವಿಚಾರಿಸಿ ವರದಿ ತರಿಸಿಕೊಳ್ಳಲಾಗುವುದು. ಓದಿ ಯಜಮಾನರ ಮುಂದಿಟ್ಟೆ. ಯಜಮಾನರು, "ಏನ್ರಿ ಇದು?" ಅಂದರು. "ಆ ಜರ್ಮನಿಯೋರೇ ಏನೋ ಮಾಡಿರ್ಬೇಕು ಸಾರ್. ಈ ಕಸ್ಟಮ್ಸಿನೋರಿಗಂತೂ ಕೆಲ್ಸ ಇಲ್ಲ," ಅಂದೆ.

ಬಾಗಿಲ ಹತ್ತಿರ ನಿಂತಿದ್ದ ಕುಣಿಗಲ್ಲಿನವನು ಕೇಳಿಸಿಕೊಂಡು ಒಳಗೇ ಬಂದುಬಿಟ್ಟ. ಮುಖ ಅರಳಿತ್ತು. "ಅಯ್ಯೋ, ಅದು ನಾನಲ್ವಾ ಸಾರ್ ಉಜ್ಜಿದ್ದು! ಹ್ವಾದ ವರ್ಷ ಆಯುಧಪೂಜೇಲಿ! ಹುಣ್ಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ... ಇಷ್ಟಕ್ಕೇ ಮಡೀಕಂಡವ್ರಾ? ಹೇಳಿದ್ರೆ ಮುಗೀತಲ್ಲ ಬುಡಿ!" ಯಜಮಾನರು ಹಣೆ ಚಚ್ಚಿಕೊಂಡರು, ಆದರೆ ಅವರಿಗೂ ಜೀವ ಬಂದ ಹಾಗಾಯಿತು. ಇಬ್ಬರೂ ನನ್ನ ಮುಖ ನೋಡಿದರು. ನಾನು ಫೈಲು ಜೋಡಿಸುತ್ತಾ ಹೂಂ ಅಂದೆ.

ವಿಚಾರಣೆಗೆ ಬಂದವರು ಸುಂಕದ ಇಲಾಖೆಯ ನಡುವಯಸ್ಸಿನ ಇನ್‌ಸ್ಪೆಕ್ಟರು. ಒಳ್ಳೆಯ ಮನುಷ್ಯ. ಅವರು ಗದರುವವರಾಗಿದ್ದರೆ ನನಗೆ ಹೇಳಿಕೊಳ್ಳಲು ಒಂದು ನೆವವಾದರೂ ಇರುತ್ತಿತ್ತು. ಆಫೀಸ್ ಕೋಣೆಯಲ್ಲಿ ಕೂತು, ಕಾಫಿ ಬೇಡ ನೀರು ಸಾಕು ಅಂದು, ಮೊದಲು ಕುಣಿಗಲ್ಲಿನವನನ್ನು ಕರೆದರು. ಯಜಮಾನರೂ ನಾನೂ ಅಲ್ಲೇ ಇದ್ದೆವು.

"ಪಟ್ಟಿ ಮೇಲಿನ ನಂಬರ್ ಯಾವಾಗ ಹೋಯ್ತಪ್ಪ?"

"ಆಯುಧಪೂಜೇಲಿ ಸಾರ್. ಕಿಲುಬು ಹುಣ್ಸೆಹಣ್ಣಿಗೆ ಹೋಗ್ನಿಲ್ಲ, ಅದ್ಕೇ ಎಮರಿ ಪೇಪರ್ ಹಾಕ್ದೆ."

"ನಂಬರ್ ಅಳ್ಸೋಗುತ್ತೆ ಅಂತ ಗೊತ್ತಾಗ್ಲಿಲ್ವಾ?"

"ದೇವ್ರಿಗೆ ಅಂತ ಬೆಳಗೋವಾಗ ನಂಬರ್ ಯಾರ್ ನೋಡ್ತಾರೆ ಸಾರ್?"

ಇನ್‌ಸ್ಪೆಕ್ಟರು ನಕ್ಕರು. ಬರೆದುಕೊಂಡು ಸಹಿ ಹಾಕಿಸಿಕೊಂಡರು. "ನಮ್ಮ ಮನೇಲೂ ಹಿಂಗೇ, ಹೊಲಿಗೆ ಮಿಷಿನ್ ಮೇಲಿನ ಹೆಸರೇ ಇಲ್ಲ ಈಗ," ಅಂದರು. ಆಮೇಲೆ ನನ್ನ ಕಡೆ ತಿರುಗಿ ಪೆನ್ನಿನ ಮುಚ್ಚಳ ಹಿಂದಕ್ಕೆ ಸಿಕ್ಕಿಸಿದರು. "ನೋಡಿ, ಪೂಜೆ ಆದದ್ದು ಡಬ್ಬ ಕಳ್ಸೋಕೆ ಮುಂಚೆ. ಅಂದ್ರೆ ನೀವು ಪ್ಯಾಕ್ ಮಾಡೋವಾಗ್ಲೇ ನಂಬರ್ ಇರಬಾರ್ದು. ನೀವೂ ಹಂಗೇ ಹೇಳಿದ್ರೆ ಇಬ್ರ ಮಾತೂ ಕೂಡುತ್ತೆ, ನಾನು ಬರೆದು ಕಳಿಸ್ತೀನಿ. ಆದ್ರೆ ನೋಡಿ ಬರ್ದಿದೀನಿ ಅಂತ ನಿಮ್ಮ ಸಹಿ ಇದೆ ಇಲ್ಲಿ. ಯೋಚ್ನೆ ಮಾಡಿ ಹೇಳಿ. ನಂಬರ್ ಇತ್ತಾ, ಇರ್ಲಿಲ್ವಾ?"

ನನ್ನ ಸಹಿ ಮೇಜಿನ ಮೇಲಿತ್ತು. ಅದರ ಕೆಳಗೆ, ತಪ್ಪು ವಿವರ ಕೊಟ್ಟವರು ಶಿಕ್ಷೆಗೆ ಗುರಿ ಅನ್ನುವ ಸಣ್ಣಕ್ಷರದ ಸಾಲು. ಪಕ್ಕದಲ್ಲಿ ಯಜಮಾನರ ಉಸಿರು ಕೇಳಿಸುತ್ತಿತ್ತು. ಸುಳ್ಳು ಸರ್ಟಿಫಿಕೇಟು ಕೊಟ್ಟ ಗುಮಾಸ್ತನನ್ನು ಇವರು ಇಟ್ಟುಕೊಳ್ಳುತ್ತಾರೆಯೇ? ನಾನು ಖಾಯಂ ನೌಕರ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ನನ್ನ ರೈಲಿನ ಸಿಳ್ಳೆ ಕೇಳಿದರೆ ಬಾಗಿಲಿಗೆ ಓಡಿಬರುವವರು. ಇಷ್ಟೆಲ್ಲ ಯೋಚನೆ ಬಂದದ್ದು ನಿಜ, ಆದರೆ ಅದು ಸುಳ್ಳಿಗೆ ಮೊದಲು ಬಂತೋ, ಆಮೇಲೆ ನಾನು ಸೇರಿಸಿಕೊಂಡೆನೋ, ಈಗ ಹೇಳಲಾರೆ.

"ಇತ್ತು ಸಾರ್," ಅಂದೆ. "ನೋಡ್ಕೊಂಡೇ ಟೈಪ್ ಮಾಡಿದ್ದು."

"ಖಂಡಿತಾನಾ?"

"ಖಂಡಿತ ಸಾರ್. ನಾನ್ಯಾಕೆ ಇಲ್ದಿದ್ದು ಬರೀಲಿ?" ನನ್ನ ದನಿ ಏರಿತ್ತು. ನನಗೆ ಸಿಟ್ಟೂ ಬಂದಿತ್ತು, ನಿಜವಾದ ಸಿಟ್ಟು. ಅದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಕುಣಿಗಲ್ಲಿನವನು ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತಿದ್ದ. ನನ್ನನ್ನು ನೋಡಿದ. ಸಿಟ್ಟಿನ ನೋಟವಲ್ಲ. ಡಬ್ಬದ ಮುಳ್ಳು ತನ್ನ ಅಂಗೈ ಹೇಳಿದ್ದಕ್ಕಿಂತ ಬೇರೆ ತೋರಿಸಿದಾಗ ನೋಡುತ್ತಿದ್ದನಲ್ಲ, ಹಾಗೆ. ಆಮೇಲೆ ತನ್ನ ಕೈಯನ್ನು ನೋಡಿಕೊಂಡ. ಇನ್‌ಸ್ಪೆಕ್ಟರು ಬರೆಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿ, "ಹಂಗಾದ್ರೆ ಇವನ ಮಾತು ನಿಲ್ಲೋದಿಲ್ವಲ್ಲ," ಅಂದರು. ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡು ಹೊರಟರು.

ಅವತ್ತು ರೈಲಿನಲ್ಲಿ ಕಸ್ಟಮ್ಸಿನವರನ್ನು ಇನ್ನೂ ಜೋರಾಗಿ ಬೈದೆ. ಪಕ್ಕದವರೆಲ್ಲ ಹೌದೌದು ಅಂದರು.

ಆದದ್ದು ಇಷ್ಟು. ಹೋದ ಡಬ್ಬವೇ ಬಂದಿದೆ ಅಂತ ಸಾಬೀತಾಗಲಿಲ್ಲ ಅಂತ ಮದರಾಸಿನಿಂದ ಆದೇಶ ಬಂತು. ಅಪೀಲು ಹಾಕಬಹುದಿತ್ತು. ಯಜಮಾನರು ಬೇಸತ್ತುಹೋಗಿದ್ದರು, ಹೊಸ ಆರ್ಡರು ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಡಬ್ಬವನ್ನು ಅಲ್ಲೇ ಬಿಟ್ಟರು. ಬ್ಯಾಲೆನ್ಸಿಂಗ್ ಮಿಷಿನ್ನಿಗೆ ತಾಡಪಾಲು ಹೊದಿಸಿದರು. ಯಜಮಾನರು ಕುಣಿಗಲ್ಲಿನವನನ್ನು ಬೈಯಲೂ ಇಲ್ಲ. ಡಬ್ಬ ಬಂದರೆ ಖಾಯಂ ಆಗುತ್ತೇನೆ ಅನ್ನುವ ಆಸೆಗೆ ಅವನು ಪೂಜೆಯ ಕಥೆ ಕಟ್ಟಿದ ಅಂತ ತೀರ್ಮಾನಿಸಿಬಿಟ್ಟಿದ್ದರು. ಪೂಜೆಯ ದಿನ ಆ ಪಟ್ಟಿಯ ಮುಂದೆ ನಿಂತು ಭೇಷ್ ಅಂದವರು ಅವರೇ, ಅದೂ ಅವರಿಗೆ ನೆನಪಿರಲಿಲ್ಲ. ನಾನು ನೆನಪು ಮಾಡಲಿಲ್ಲ.

"ಅವನಿಗೆ ಬ್ರೇಕ್ ಕೊಡಿ," ಅಂದರು. ಟೈಪ್ ಮಾಡಿದೆ. ಈ ಸಲ ಮತ್ತೆ ಕರೆಯುವ ಮಾತಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಡ್ರಾಯರಿನಲ್ಲಿದ್ದ ಖಾಯಂ ಪತ್ರವನ್ನು ಹರಿದುಹಾಕಿ ಅಂದರು. ಹರಿದೆ. ಅವನು ಕಾಗದ ತೆಗೆದುಕೊಂಡು, ಹೋಗುವ ಮೊದಲು ತಾಡಪಾಲಿನ ಒಂದು ತುದಿ ಸರಿಯಾಗಿ ಕೂತಿರಲಿಲ್ಲ ಅಂತ ಎಳೆದು ಸರಿಮಾಡಿದ. "ಬರ್ತೀನಣ್ಣ," ಅಂದ. ಹೂಂ, ಹೋಗಿ ಬಾ, ಅಂದೆ. ಒಂದು ವಾರ ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಎಂಟನೆಯ ದಿನ ಇಳಿಯಿತು.

ಎಷ್ಟೋ ದಿನದ ಮೇಲೆ ರೈಲಿನಲ್ಲಿ ಸುಂಕದ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಪರಿಚಯವಾದರು. ಯಾರದೋ ಕಥೆ ಅನ್ನುವ ಹಾಗೆ ಇದನ್ನೇ ಹೇಳಿ, ಆ ಗುಮಾಸ್ತ ನಿಜ ಹೇಳಿದ್ದರೆ ಏನಾಗುತ್ತಿತ್ತು ಅಂತ ಕೇಳಿದೆ. "ಏನಾಗ್ತಿತ್ತು? ಇನ್ಮೇಲೆ ಸರಿಯಾಗಿ ನೋಡಿ ಬರೀರಿ ಅಂತ ಒಂದು ಕಾಗದ ಕೊಡ್ತಿದ್ರೇನೋ," ಅಂದರು ಅವರು. ಕಡಲೆಕಾಯಿ ಸಿಪ್ಪೆಯನ್ನು ಕಿಟಕಿಯಿಂದ ಆಚೆ ಎಸೆದು ಬೇರೆ ಮಾತಿಗೆ ಹೋದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಯಾವುದೋ ಮದುವೆಗೆಂದು ಕುಣಿಗಲ್ಲಿಗೆ ಹೋಗಿದ್ದೆ. ಊಟ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದಾಗ, "ಗುಬ್ಬಿಯಣ್ಣ!" ಅಂತ ಕೂಗು. ಮೋಟಾರು ವೈಂಡಿಂಗ್ ಅಂಗಡಿಯಿಂದ ಅವನು ಕೈ ಒರೆಸಿಕೊಳ್ಳುತ್ತಾ ಬಂದ. ತಲೆ ಅರ್ಧ ನರೆತಿತ್ತು. ಕಣ್ಣು ತಪ್ಪಿಸಿಕೊಂಡು ಹೋಗೋಣ ಅನ್ನುವಷ್ಟರಲ್ಲಿ ಕೈ ಹಿಡಿದಿದ್ದ. ಒಳಗೆ ಸ್ಟೂಲು ಹಾಕಿ ಕೂರಿಸಿ ಕಾಫಿ ತರಿಸಿದ.

"ಮನೆಯವರು?" ಅಂದೆ.

"ಹೆಬ್ಬೂರಲ್ಲೇ ಅವ್ರೆ ಕಣಣ್ಣ. ಮಗ್ಳು ಹೈಸ್ಕೂಲು. ಅವ್ಳಿಗೆ ಅಲ್ಲೇ ಒಗ್ಗೋಗೈತೆ, ಈಗ ಕಿತ್ಕಂಡ್ ಬರಾದ್ ಬ್ಯಾಡ ಅಂತ. ಭಾನ್ವಾರ ಭಾನ್ವಾರ ಹೋಯ್ತೀನಿ."

ಅಂಗಡಿಯ ಗೋಡೆಗೆ ದೇವರ ಪಟವಿತ್ತು. ಹಬ್ಬ ಕಳೆದು ಸ್ವಲ್ಪ ದಿನವಾಗಿತ್ತು, ಮೋಟಾರುಗಳ ಮೇಲೆ ಒಣಗಿದ ಹೂವು ಇನ್ನೂ ಇತ್ತು. ಪೂಜೆ ಜೋರಾಗಿ ಮಾಡಿದ್ದೀಯಲ್ಲ ಅಂದೆ, ಏನೋ ಒಂದು ಮಾತಾಡಬೇಕಲ್ಲ ಅಂತ.

"ಪಕ್ಕದಂಗ್ಡಿಯೋರ ಕೈಲಿ ಮಾಡುಸ್ತೀನಿ. ನಾನು ಹಬ್ಬದ್ದಿನ ಒಂದು ಸಾಮಾನೂ ಮುಟ್ಟಕಿಲ್ಲ," ಅಂದ. "ಆವತ್ತಿಂದ ನಂಗೆ ನನ್ ಕೈ ಮ್ಯಾಲೇ ನಂಬ್ಕೆ ಇಲ್ಲ ಕಣಣ್ಣ. ಪೂಜೇಲಿ ಉಜ್ಜಿದ್ದು ಕಣ್ಣಿಗೆ ಕಟ್ದಂಗೈತೆ. ಆದ್ರೆ ನೀವು ನಂಬರ್ ಇತ್ತು ಅಂದ್ರಿ. ನೀವು ಬಾಯಿ ಜೋರೇ ಹೊರ್ತು ಸುಳ್ಳೇಳೋರಲ್ಲ. ಹಂಗಾದ್ರೆ ನಾನು ಉಜ್ಜಿದ್ದು ಯಾವ ಪಟ್ಟಿನೋ ಏನೋ. ಎಷ್ಟ್ ಸಲ ಯೋಚ್ನೆ ಮಾಡಿದೀನಿ ಅಂತೀರಿ! ನಮ್ ಮಾವನೂ ಅದೇ ಅಂದ್ರು, ಮಾಡಿದ್ದ್ಯಾವ್ದು ಮಾಡ್ದೇ ಇದ್ದದ್ದ್ಯಾವ್ದು ಗೊತ್ತಾಗ್ದೋನು ನೀನು ಅಂತ."

ನನ್ನ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಅಂಗಡಿಗೆ ಯಾರೂ ಬರಲಿಲ್ಲ. ಆ ಕಾರ್ಖಾನೆ ಬಿಟ್ಟು ನಾನು ಬೇರೆ ಕಡೆ ಸೇರಿ ಎರಡು ವರ್ಷವಾಗಿತ್ತು, ಯಾರೂ ನನ್ನನ್ನು ಏನೂ ಮಾಡುವಂತಿರಲಿಲ್ಲ. ಹೇಳಲು ಬೇಕಾದದ್ದೆಲ್ಲ ಇತ್ತು. ಕಾಫಿ ಕುಡಿದು ಲೋಟ ಕೆಳಗಿಟ್ಟೆ.

"ಹೋಗ್ಲಿ ಬುಡೋ, ಹಳೇದೆಲ್ಲ ಯಾಕೆ," ಅಂದೆ.

"ಹೂಂ, ಅದೂ ನಿಜವೇ ಬುಡಿ," ಅಂದು ಎದ್ದ. ಮೂಲೆಯಲ್ಲಿ ಅವತ್ತು ಬೆಳಗ್ಗೆ ರಿಪೇರಿಗೆ ಬಂದ ಒಂದು ಪಂಪಿನ ಮೋಟಾರಿತ್ತು. ಪಕ್ಕದಲ್ಲಿ ದಾರ ಕಟ್ಟಿ ನೇತುಹಾಕಿದ ನೋಟ್‌ಬುಕ್ಕು. ಬರುವ ಪ್ರತಿಯೊಂದು ಮೋಟಾರಿನ ನಂಬರನ್ನೂ ಅದರಲ್ಲಿ ಬರೆದಿಡುತ್ತಾನಂತೆ. ತಾನು ಓದಿದ್ದು ಸರಿಯೋ ಇಲ್ಲವೋ ಅಂತ ತಂದವರ ಕೈಲೂ ಒಂದು ಸಲ ಓದಿಸುತ್ತಾನಂತೆ. ಇದನ್ನು ತಂದವನು ಇಳಿಸಿ ಹೊರಟುಹೋಗಿದ್ದ. ಕುಣಿಗಲ್ಲಿನವನು ಬಟ್ಟೆಯಿಂದ, ಮೆಲ್ಲಗೆ, ಉಜ್ಜದೆ, ಪಟ್ಟಿಯ ಮೇಲಿನ ಧೂಳು ಒತ್ತಿ ತೆಗೆದ. ಪೆನ್ಸಿಲ್ಲು ಹಿಡಿದು ಕೂತು ನನ್ನ ಕಡೆ ನೋಡಿದ.

"ನೀವೇ ವಸಿ ಓದ್ ಹೇಳಣ್ಣ," ಅಂದ. "ನೀವು ನೋಡಿದ್ರೆ ನಂಗೆ ಧೈರ್ಯ."

ನಾನು ಬಗ್ಗಿ, ಒಂದೊಂದೇ ಅಂಕಿ ಓದಿದೆ. ಅವನು ಬರೆದುಕೊಂಡ.